ಬೇಕಂತಲೇ ಬಿಗಿದ ಮಂಡಿ

ತಾಳ್ಯದ ಲೈನ್‌ಮನ್ ತಿಪ್ಪೇಶ್ ಮೊದಲ ದಿನ ಊರುಗೋಲಿನ ಜೊತೆಗೆ ಒಂದು ಬಾಟಲಿ ಹರಳೆಣ್ಣೆಯನ್ನೂ ತಂದಿದ್ದ. ಎಣ್ಣೆ ನೀವುವವರು ಎಲ್ಲಿದ್ದಾರೆ ಎಂದು ಉಷಾರಾಣಿಯನ್ನೇ ಕೇಳಿದ. ಚಿತ್ರದುರ್ಗದ ಆ ಪುಟ್ಟ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಎಂದರೆ ಅವಳೊಬ್ಬಳೇ. ಇಲ್ಲಿ ಯಾರೂ ಎಣ್ಣೆ ನೀವುವುದಿಲ್ಲ, ಮಂಡಿ ಮಡಿಸಬೇಕಾದವರು ನೀವೇ ಎಂದು ಹೇಳಿ ಅವಳು ನಗು ನುಂಗಿಕೊಂಡಳು.

ಕಂಬದಿಂದ ಬಿದ್ದು ಮಂಡಿಯ ಲಿಗಮೆಂಟ್ ಹರಿದು, ಆಪರೇಷನ್ ಆಗಿ ಆರು ವಾರವಾಗಿತ್ತು. ಮಂಡಿ ಎಪ್ಪತ್ತು ಡಿಗ್ರಿಗೇ ನಿಲ್ಲುತ್ತಿತ್ತು. ಮತ್ತೆ ಕಂಬ ಹತ್ತಬೇಕೆಂದರೆ ನೂರ ಮೂವತ್ತಾದರೂ ಮಡಿಯಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಹಿಂದಕ್ಕೆಳೆಯುವಾಗ ಅವನ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಆದರೂ ಅವಳ ಮುಖ ನೋಡಿ ಮೆಲ್ಲಗೆ ನಗುತ್ತಿದ್ದ. ಆ ನೋಟಕ್ಕೆ ಲೆಕ್ಕ ತಪ್ಪಿ ಅವಳು ಎರಡೆರಡು ಸಲ ಅಳೆಯುತ್ತಿದ್ದಳು.

ನೂರ ಹತ್ತಕ್ಕೆ ಬಂದ ಮಂಡಿ ಎರಡು ವಾರ ಅಲ್ಲೇ ನಿಂತಿತು. ಉಷಾರಾಣಿಗೆ ಭಯವಾಯಿತು. ಒಂದು ಮಂಗಳವಾರ ಅವನ ಕಾಲು ಮಡಿಸುವಾಗ ಅವಳ ಅಂಗೈಗೆ ನಿಜ ಗೊತ್ತಾಯಿತು. ಮಂಡಿ ಬಿಗಿದಿರಲಿಲ್ಲ, ತೊಡೆಯನ್ನು ಅವನೇ ಬಿಗಿಹಿಡಿದಿದ್ದ.

“ಯಾಕ್ರಿ ಹಿಂಗೆ ಮಾಡ್ತೀರಿ?”

ಅವನು ತಲೆ ತಗ್ಗಿಸಲಿಲ್ಲ. “ಕಾಲು ಸರಿಹೋದ್ರೆ ಇಲ್ಲಿಗೆ ಬರಾಕೆ ನೆಪ ಇರಲ್ಲ ಮೇಡಂ.”

ಅವಳ ಕಿವಿ ಬಿಸಿಯಾಯಿತು. ಎದೆಯೊಳಗೆ ಹಿಗ್ಗು, ಅದರ ಬೆನ್ನಿಗೇ ಸಿಟ್ಟು.

“ನನ್ ಕೆಲಸ ಕೆಡಿಸಿ ನನ್ ಮನಸ್ಸು ಗೆಲ್ಲಾಕಾಗಲ್ಲ. ನೀವು ಪೇಷಂಟ್ ಆಗಿರೋ ತನಕ ಈ ಮಾತು ಬ್ಯಾಡ. ಉತ್ತರ ಬೇಕಂದ್ರೆ ಮೊದ್ಲು ವಾಸಿ ಮಾಡ್ಕಳ್ರಿ.”

ಅಂದಿನಿಂದ ಅವನಿಗೆ ಹಟ ಹತ್ತಿತು. ಅಣ್ಣ ಟಿವಿ ನೋಡುವಾಗಲೂ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕುಕ್ಕರಿಸಿರುತ್ತಾನೆ, ಕರೆದರೆ ಊಟಕ್ಕೂ ಏಳುವುದಿಲ್ಲ ಎಂದು ಅವನ ತಂಗಿ ಭಾಗ್ಯ ಉಷಾರಾಣಿಗೆ ಫೋನಿನಲ್ಲಿ ದೂರಿದಳು.

ಎರಡು ತಿಂಗಳಿಗೆ ಅಳತೆ ನೂರ ಮೂವತ್ತೆರಡು ತೋರಿಸಿತು. ಉಷಾರಾಣಿ ಫೈಲಿಗೆ ಸಹಿ ಹಾಕಿ, ಇನ್ನು ಬರುವ ಅಗತ್ಯವಿಲ್ಲ ಎಂದಳು. ಅವನು ಕೈಮುಗಿದು ಹೊರಟೇಬಿಟ್ಟ. ಉಳಿದ ಪೇಷಂಟ್‌ಗಳನ್ನು ಅವಳು ಹೇಗೆ ನೋಡಿದಳೋ ಅವಳಿಗೇ ತಿಳಿಯದು.

ಸಂಜೆ ಬಾಗಿಲು ಹಾಕಿ ಹೊರಬಂದರೆ, ಎದುರಿಗೆ ಬೈಕಿಗೊರಗಿ ನಿಂತಿದ್ದ.

“ಈಗ ನಾನು ಪೇಷಂಟ್ ಅಲ್ಲ ಉಷಾ ಅವ್ರೆ. ನನ್ನ ಮದ್ವೆ ಆಗ್ತೀರಾ?”

ಅವಳು ದುಪಟ್ಟಾ ಸರಿಮಾಡಿಕೊಂಡು ಬೈಕಿನ ಹತ್ತಿರ ಬಂದಳು.

“ಭಾನುವಾರ ನಮ್ಮೂರು ಹರಿಯಬ್ಬೆಗೆ ಬಂದು ನಮ್ಮಪ್ಪನ್ನ ಕೇಳ್ರಿ. ತಾಳ್ಯದಿಂದ ಒಬ್ರು ಬರ್ತಾರೆ ಅಂತ ನಾನು ಹೋದ ತಿಂಗಳೇ ಹೇಳಿಟ್ಟಿದೀನಿ.”