ಕೊರಳಲ್ಲಿದ್ದ ಬಸವಂತಮ್ಮ

"ಮುಟ್ಟಬ್ಯಾಡ್ರಿ ನನ್ನ!"

ರಾಯಚೂರಿನ ಬಸ್ ನಿಲ್ದಾಣದಲ್ಲಿ ಶೇಂಗಾ ಮಾರುವವಳೂ ತಿರುಗಿ ನೋಡಿದಳು. ಹೆಂಡತಿಯ ಚೀಲಕ್ಕೆ ಕೈಹಾಕಿದ್ದ ಮಲ್ಲಯ್ಯ ಬೆಚ್ಚಿ ಕೈ ತೆಗೆದ. ನಾಲ್ಕು ಜನರೆದುರು ಗಂಡನಿಗೆ ಇದಕ್ಕಿಂತ ಅವಮಾನ ಬೇಕೇ, ಪಾಪ!

ಅಂಬಮ್ಮನ ಕೈ ಮಾತ್ರ ಕೊರಳಲ್ಲೇ ಇತ್ತು. ತಾಳಿಯ ಪಕ್ಕದಲ್ಲೊಂದು ಪುಟ್ಟ ಸವತಿ ಪದಕ. ಮಲ್ಲಯ್ಯನ ತೀರಿಹೋದ ಮೊದಲ ಹೆಂಡತಿ ಬಸವಂತಮ್ಮನ ಹೆಸರಿನದು. ಎರಡನೆಯವಳಾಗಿ ಬಂದವಳು ಸತ್ತವಳನ್ನು ಕೊರಳಲ್ಲಿಟ್ಟುಕೊಂಡೇ ಬಾಳಬೇಕು, ಅದು ಪದ್ಧತಿ.

ಗಂಡನ ಜೊತೆ ಸೇರಿದಾಗಲೆಲ್ಲ ಅಂಬಮ್ಮನ ಒಳಗೆ ಉರಿ ಏಳುತ್ತಿತ್ತು. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ... ಊತ, ತುರಿಕೆ. ಮರುದಿನ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ.

ಅತ್ತೆ ಸೂಗಮ್ಮನ ಹತ್ತಿರ ಹೇಳಿಕೊಂಡರೆ ಆಕೆ ಗಲ್ಲ ಗಲ್ಲ ಬಡಿದುಕೊಂಡಿದ್ದಳು. "ಬಸವಂತಿ ಒಲ್ಲೆ ಅನ್ನಾಕತ್ಯಾಳ ಬೇ! ಆಕೀ ಜಾಗಾದಾಗ ಮಲಗೀದಿ ನೀ."

ಪದಕಕ್ಕೆ ಅರಿಶಿನ ಕುಂಕುಮ, ಹೊಸ ಸೀರೆ, ಎಲ್ಲ ಆಯಿತು. ಉರಿ ಹೋಗಲಿಲ್ಲ. ಪದಕ ಎದೆಗೆ ತಾಗಿದರೂ ಅಂಬಮ್ಮ ನಡುಗುತ್ತಿದ್ದಳು. ಆಮೇಲೆ ಮಲ್ಲಯ್ಯನೇ ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗತೊಡಗಿದ.

'ಗೆದ್ದಿ ಅಕ್ಕಾ... ಸತ್ತೂ ನೀನೇ ಗೆದ್ದಿ!'

ಈಗ ನಿಲ್ದಾಣದಲ್ಲಿ ಅವಳು ಚೀಲ ಬಿಗಿಹಿಡಿದಳು. "ದೇವದುರ್ಗಕ್ಕ ಹೋಗ್ತೀನ್ರಿ, ನಮ್ಮವ್ವನ ಮನಿಗೆ. ನಿಮ್ಮ ಮನಸಿನಾಗ ಇನ್ನೂ ಆಕೀನ ಅದಾಳ."

ಮಲ್ಲಯ್ಯ ದನಿ ತಗ್ಗಿಸಿದ. "ಹುಚ್ಚೀ... ನೀ ಹಲ್ಲು ಕಚ್ಚಿ ಅಳೂದು ನೋಡೀನಿ. ಬಸವಂತೀನೂ ಲಗ್ನಾದ ವರ್ಷದಾಗ ಹೋದ್ಲು. ಜ್ವರ ಅಂದ್ರು ಎಲ್ಲಾರು. ನನ್ನ ಮೈಯಾಗ ವಿಷ ಅದ ಅಂಬಿ! ನೀನೂ ಸತ್ತುಗಿತ್ತೀ ಅಂತ ಹೆದರಿ ದೂರ ಮಲಗಿದ್ನಿ."

ದೇವದುರ್ಗದ ಬಸ್ಸು ಹೊರಟೇಹೋಯಿತು. ಅಂಬಮ್ಮ ಹತ್ತಲಿಲ್ಲ.

"ಆಕೀಗೂ ಹಿಂಗ ಉರಿ ಆಗ್ತಿತ್ತೇನ್ರಿ?"

"ಇಲ್ಲ... ಒಮ್ಮಿನೂ ಅಂದಿಲ್ಲ."

"ಹಂಗಾದ್ರ ವಿಷ ಎಲ್ಲೀದು? ನಡೀರಿ, ಡಾಕ್ಟರಮ್ಮನ್ನ ಕೇಳೂಣು."

ಡಾಕ್ಟರ್ ಉಮ್ಮೇ ಕುಲ್ಸುಮ್ ಪರೀಕ್ಷೆ ಮಾಡಿದರು. ಸೋಂಕು ಏನೂ ಕಾಣಲಿಲ್ಲ.

"ಬದನಿಕಾಯಿ ಕೆಲವರಿಗೆ ಒಗ್ಗೂದಿಲ್ಲಲ್ಲವ್ವಾ, ಹಂಗ ಗಂಡನ ವೀರ್ಯ ಒಗ್ಗಲಾರದವರೂ ಇರ್ತಾರ. ಭಾಳ ಅಪರೂಪ. ನಿರೋಧ್ ಹಾಕ್ಕೊಂಡು ನೋಡ್ರಿ, ಉರಿ ಬರಲಿಲ್ಲಂದ್ರ ಅದೇ ಇರಬೇಕು. ಉಸಿರು ಕಟ್ಟಿದಂಗಾದ್ರ ಮಾತ್ರ ತಡ ಮಾಡಬ್ಯಾಡ್ರಿ, ಓಡಿ ಬರ್ರಿ."

"ಮತ್ತ... ಕೂಸು ರೀ?" ಅಂಬಮ್ಮ ಮೆಲ್ಲಗೆ ಕೇಳಿದಳು.

"ಮೊದಲ ಖಾತ್ರಿ ಆಗಲಿ. ಕೂಸಿಗೂ ಹಾದಿ ಹುಡುಕೂಣು. ಇದರಾಗ ಇವರದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ, ತಿಳೀತಾ?"

ಸೂಗಮ್ಮ ಮದುವೆಗೆಂದು ಮಾನ್ವಿಗೆ ಹೋದ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ. ಡಾಕ್ಟರಮ್ಮ ಹೇಳಿದ ಹಾಗೆಯೇ ಸೇರಿದರು. ಆಮೇಲೆ ಮಲ್ಲಯ್ಯ ಉಸಿರು ಬಿಗಿಹಿಡಿದು ಹೆಂಡತಿಯ ಮುಖವನ್ನೇ ನೋಡುತ್ತ ಕೂತ.

"ಉರಿ?"

ಅಂಬಮ್ಮ ಕಾದಳು. ಮೈಯೆಲ್ಲ ಕಿವಿಯಾಗಿ, ಆ ಹಾಳು ಉರಿಗಾಗಿ ಕಾದಳು... ಬರಲಿಲ್ಲ!

"ಇಲ್ರಿ..."

"ಖರೇ ಹೇಳು!"

"ಖರೇನ ಇಲ್ರಿ!" ನಗುತ್ತಲೇ ಅತ್ತುಬಿಟ್ಟಳು. ಪದಕವನ್ನು ಕಣ್ಣಿಗೊತ್ತಿಕೊಂಡಳು. "ತಪ್ಪಾತು ಅಕ್ಕಾ. ಸುಮ್ಮಸುಮ್ಮನ ನಿನ್ನ ಮ್ಯಾಲ ಹೊರಿಸಿದ್ನಿ."

ಮಲ್ಲಯ್ಯ ಮೆಲ್ಲಗೆ ಅಂದ: "ಅಂಜಿಕಿ ಆಗ್ತಿದ್ರ ಅದನ್ನ ತಗದಿಡು ಅಂಬಿ. ಅವ್ವಗ ನಾ ಹೇಳ್ತೀನಿ."

"ಬ್ಯಾಡ್ರಿ, ಇರಲಿ. ನಮ್ಮನ್ನ ಬಿಟ್ರ ಆಕೀಗಾದ್ರೂ ಯಾರದಾರ?"

"ಮತ್ತ ನಿನಗ ಏನ್ ಬೇಕು?"

ಅಂಬಮ್ಮ ಮೂಲೆಯಲ್ಲಿದ್ದ ಅವನ ಹಾಸಿಗೆಯ ಸುರುಳಿಯನ್ನು ತಂದು ತನ್ನ ಹಾಸಿಗೆಯ ಪಕ್ಕಕ್ಕೆ ಬಿಚ್ಚಿದಳು.

"ಇನ್ನ ಇದನ್ನ ಹೊರಗಿನ ಕಟ್ಟಿಗೆ ಒಯ್ಯಬ್ಯಾಡ್ರಿ. ನನಗ ಅಷ್ಟ ಸಾಕು."