ಕರೆಂಟಿಲ್ಲದ ಹೊತ್ತಿನಲ್ಲಿ ಅಳಿದ ಫೋಲ್ಡರ್

ಮೇ 15, ಬೆಳಿಗ್ಗೆ 9.20. ಹವಾನಾದ ಸೆರ್ರೊ ಬಡಾವಣೆಯ ಠಾಣೆಗೆ ಎನೇಯ್ದಾ ಎಂಬ ಅರವತ್ತೆಂಟರ ವಿಧವೆ ಬಂದು ದೂರು ಕೊಟ್ಟರು. ತೀರಿಹೋದ ಗಂಡ ರಿಗೊಬೆರ್ತೊ ಹಾಡಿದ ನಲವತ್ತೊಂದು ಹಾಡುಗಳ ಫೋಲ್ಡರ್ ಬೀದಿಯ ಸರ್ವರಿನಿಂದ ಮಾಯವಾಗಿತ್ತು. ಬೇರೆ ಪ್ರತಿ ಇರಲಿಲ್ಲ.

"ಅವರ ದನಿ ಅಂತ ನನಗೆ ಉಳಿದಿದ್ದು ಅದೊಂದೇ, ಮೇಡಂ."

ಇನ್‌ಸ್ಪೆಕ್ಟರ್ ಒದಾಲಿಸ್ ಎಫ್‌ಐಆರ್ ಬರೆಸಿ, ಪೇದೆ ಫೆರ್ಮಿನ್‌ನನ್ನು ಕರೆದುಕೊಂಡು ಸರ್ವರಿನ ಒಡೆಯ ಯುನಿಯರ್‌ನ ಮನೆಗೆ ಹೋದರು. ಅವನ ಅಡುಗೆಮನೆಯ ಯಂತ್ರದಿಂದ ಛಾವಣಿಗಳ ಮೇಲೆ ತಂತಿ ಎಳೆದು ಮೂವತ್ತು ಮನೆಗಳು ಹಾಡು, ಸಿನಿಮಾ ಹಂಚಿಕೊಳ್ಳುತ್ತಿದ್ದವು.

"ಒಂದೊಂದು ಕೆಲಸಕ್ಕೂ ಒಂದೊಂದು ಕಂಟೇನರ್, ಮೇಡಂ. ಡಬ್ಬದೊಳಗೆ ಡಬ್ಬಿ ಇಟ್ಟ ಹಾಗೆ. ಆಟಕ್ಕೊಂದು, ಫೋಲ್ಡರ್ ಹಂಚೋದಕ್ಕೊಂದು. ಒಂದು ಕೆಟ್ರೆ ಇನ್ನೊಂದಕ್ಕೆ..."

"ಪಾಠ ಸಾಕು. ಅಳಿಸಿದ್ದು ಯಾರು?"

ಕಂಟೇನರಿನ ದಾಖಲೆ ಸ್ಪಷ್ಟವಾಗಿತ್ತು: ಮೇ 14, 18.10, ನಿವಾಲ್ದೊ ಮನೆಯ ತಂತಿಯಿಂದ. ರಿಗೊಬೆರ್ತೊ ಜೊತೆ ಮೂವತ್ತು ವರ್ಷ ಗಿಟಾರ್ ನುಡಿಸಿದ ಒಂಟಿ ಮನುಷ್ಯ ಅವನು.

ನಿವಾಲ್ದೊ ನಕ್ಕುಬಿಟ್ಟ. "ಆರೂ ಹತ್ತಕ್ಕಾ? ಆಚೆ ಬೀದಿ ಬೇಕರಿ ಸಾಲಲ್ಲಿದ್ದೆ, ಮನೆಗೆ ಬೀಗ. ಬೇಕಾದ್ರೆ ಬ್ರೆಡ್ಡನ್ನೇ ಕೇಳಿ."

ಸಾಲಿನಲ್ಲಿದ್ದ ನಾಲ್ವರು ಹೌದೆಂದರು. ಫೆರ್ಮಿನ್‌ನ ಮುಖ ಸಪ್ಪಗಾಯಿತು. ಒದಾಲಿಸ್ ಮಾತ್ರ ಅಲುಗಲಿಲ್ಲ. ಆ ಬಡಾವಣೆಯಲ್ಲೇ ಹುಟ್ಟಿ ಬೆಳೆದ ಅವರಿಗೆ ಕರೆಂಟು ಹೋಗುವ ವೇಳೆ ಬಾಯಿಪಾಠ. ನೇರ ಯುನಿಯರ್ ಹತ್ತಿರ ವಾಪಸು ಬಂದರು.

"ನಿನ್ನೆ ಸಂಜೆ ಐದರಿಂದ ಒಂಬತ್ತರವರೆಗೆ ಈ ಬೀದಿಗೆ ಕರೆಂಟೇ ಇರಲಿಲ್ಲ. ನಿನ್ನ ಯಂತ್ರ ಗಾಳಿ ಕುಡಿದು ಓಡ್ತಿತ್ತೇನೋ?"

"ಬ್ಯಾಟರಿ ಸತ್ತು ವರ್ಷವಾಯ್ತು, ಮೇಡಂ..." ಯುನಿಯರ್ ಹಣೆ ಚಚ್ಚಿಕೊಂಡ. "ಥತ್! ಯಂತ್ರಕ್ಕೆ ನಮ್ಮೂರ ಗಂಟೆ ಇಟ್ಟಿದ್ದೆ, ಕಂಟೇನರಿಗೆ ಇಡೋದು ಮರೆತೆ. ನಾವು ಹೇಳದಿದ್ರೆ ಅದು ಲೋಕಕ್ಕೆಲ್ಲ ಒಂದೇ ಅಂತಿರೋ ಗಂಟೆ ಹಿಡ್ಕೊಳ್ಳುತ್ತೆ. ನಮಗಿಂತ ನಾಲ್ಕು ತಾಸು ಮುಂದೆ."

"ಅಂದ್ರೆ ಮಧ್ಯಾಹ್ನ ಎರಡೂ ಹತ್ತು. ನಡಿ, ಫೆರ್ಮಿನ್."

13.15ಕ್ಕೆ ನಿವಾಲ್ದೊ ಮತ್ತೆ ಬಾಗಿಲು ತೆರೆದ.

"ನಿನ್ನೆ ಎರಡೂ ಹತ್ತಕ್ಕೆ ಎಲ್ಲಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿದ್ದ ಪೆನ್‌ಡ್ರೈವನ್ನು ನೆರೆಯ ಇಬ್ಬರು ಪಂಚರ ಮುಂದೆ ತೆರೆದು ಪಂಚನಾಮೆ ಮಾಡಲಾಯಿತು. ನಲವತ್ತೊಂದು ಹಾಡೂ ಕೆಡದೆ ಇದ್ದವು. ಪ್ರತಿಯೊಂದರ ಹೆಸರಿನ ಕೊನೆಗೆ ಹೊಸದಾಗಿ ಸೇರಿತ್ತು: 'ರಚನೆ, ಗಿಟಾರ್: ನಿವಾಲ್ದೊ'.

"ಬೀದಿಯೆಲ್ಲ ನನ್ನ ಹಾಡು ಗುನುಗುತ್ತೆ. ರಿಗೊಬೆರ್ತೊ ಹಾಡು ಅಂತಾರೆ," ಎಂದ ನಿವಾಲ್ದೊ. "ಅವನು ಹೋದ ಮೇಲಾದ್ರೂ ನನ್ನ ಹೆಸರು ಹಾಕ್ತಾರೆ ಅಂತ ಎರಡು ವರ್ಷ ಕಾದೆ. ಹಾಕಲಿಲ್ಲ."

14.00ಕ್ಕೆ ಬಂಧನವಾಯಿತು.

ಸಂಜೆ ಎನೇಯ್ದಾ ಠಾಣೆಯಲ್ಲಿ ಕೂತು ಹಾಡುಗಳ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕಣ್ಣು ತುಂಬಿ ಬಂದಿತ್ತು, ನಾಚಿಕೆಯೂ ಇತ್ತು.

"ಹಾಡಿಗೆಲ್ಲ ಹೆಸರು ಬರೆದಿಟ್ಟವಳು ನಾನೇ, ಮೇಡಂ. ಕಟ್ಟಿದ್ದು ನಿವಾಲ್ದೊ ಅಂತ ಗೊತ್ತಿತ್ತು. ಬರೆಯೋಕೆ ಮನಸ್ಸು ಬರಲಿಲ್ಲ. ಇದನ್ನೂ ನನ್ನ ಹೇಳಿಕೆಯಲ್ಲಿ ಸೇರಿಸಿ. ಹಾಡು ವಾಪಸ್ ಹಾಕುವಾಗ ಅವನ ಹೆಸರು ಅಳಿಸಬೇಡಿ."