ಕಸದ ಬುಟ್ಟಿಗೆ ಹಾಕದ ಚೂರು

“ಬಾಯಿ ತೆಗಿ ಮರಿ.”

ಚೂಟಿ ತುಟಿಗಳನ್ನು ಇನ್ನಷ್ಟು ಬಿಗಿದಳು. ಹಲ್ಲಿನ ಡಾಕ್ಟರು ಕಾದರು. ನರ್ಸ್ ಕಾದಳು. ಅಪ್ಪನಿಗೆ ಮಾತ್ರ ತಾಳ್ಮೆ ಇರಲಿಲ್ಲ.

“ಉಮ್ನೆ ಬಾಯಿ ಎಗಿಯೇ! ಅಂಗಡೀಲಿ ಗಿರಾಕಿ ಕಾಯ್ತಿದಾರೆ!” ಅಪ್ಪನ ಬಾಯಿ ತುಂಬ ಹತ್ತಿ ಇತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅಪ್ಪ ಟೈಲರ್. ಯಾವಾಗಲೂ ಯಾರೋ ಒಬ್ಬರ ಪ್ಯಾಂಟು ಕಾಯುತ್ತಿರುತ್ತಿತ್ತು.

ಐದು ನಿಮಿಷದ ಹಿಂದೆ ಇದೇ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಅವನ ದವಡೆ ಹಲ್ಲಿನ ಹಳೇ ಫಿಲ್ಲಿಂಗ್ ಒಡೆದಿತ್ತು. ಡಾಕ್ಟರು ಅದನ್ನು ಕಿತ್ತು ಹೊಸದು ತುಂಬಿದರು. ಹತ್ತಿ, ಗ್ಲೌಸ್, ರಕ್ತದ ಬಟ್ಟೆ ಎಲ್ಲ ಕಸದ ಬುಟ್ಟಿಗೆ ಹೋದವು. ಆದರೆ ಆ ಬೂದು ಬಣ್ಣದ ಚೂರುಗಳನ್ನು ನರ್ಸ್ ಚಿಮಟದಲ್ಲಿ ಎತ್ತಿ, ನೀರಿದ್ದ ಬಾಟ್ಲಿಗೆ ಹಾಕಿ, ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದ್ದಳು.

ಸ್ಟೂಲ್ ಮೇಲಿದ್ದ ಚೂಟಿ ಎಲ್ಲವನ್ನೂ ನೋಡಿದ್ದಳು. ಆಮೇಲೆ ಹಲ್ಲಿನ ತೂತು ತುಂಬಿಸಿಕೊಳ್ಳಲು ಅವಳ ಸರದಿ ಬಂದಿತ್ತು.

“ಸಿಸ್ಟರ್, ಆ ಬಾಟ್ಲೀಲಿ ಏನಿದೆ?” ಈಗ ಕೇಳಿದಳು.

“ಕಸ ಕಣಮ್ಮ.”

“ಕಸ ಆದ್ರೆ ಬುಟ್ಟಿಗೆ ಯಾಕೆ ಹಾಕ್ಲಿಲ್ಲ?”

ನರ್ಸ್ ಡಾಕ್ಟರ ಮುಖ ನೋಡಿದಳು. ಚೂಟಿಗೆ ಅಷ್ಟು ಸಾಕಾಯಿತು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಏನೋ ಇದೆ ಎಂದೇ ಅರ್ಥ.

“ಏನಿಲ್ಲ ಮರಿ...” ಡಾಕ್ಟರು ಶುರು ಮಾಡಿದರು.

“ಇದೆ! ಬಾಟ್ಲಿ ಮೇಲೆ ಪಾದರಸ ಅಂತ ಬರೆದಿದೆ. ನಾನು ಓದ್ದೆ. ನಮ್ ಸ್ಕೂಲಲ್ಲಿ ಥರ್ಮಾಮೀಟರ್ ಒಡೆದಾಗ ಮಿಸ್ ಎಲ್ಲರನ್ನೂ ಹೊರಗೆ ಓಡಿಸಿದ್ರು. ಬುಟ್ಟಿಗೇ ಹಾಕಬಾರದ್ದನ್ನ ಬಾಯಿಗೆ ಹೇಗೆ ಹಾಕ್ತೀರಾ?”

ಡಾಕ್ಟರು ಮಾಸ್ಕ್ ಇಳಿಸಿ ಸ್ಟೂಲ್ ಎಳೆದುಕೊಂಡು ಕೂತರು.

“ಹೌದು. ಆ ಹಳೇದರಲ್ಲಿ ಅರ್ಧದಷ್ಟು ಪಾದರಸಾನೇ.”

ಅಪ್ಪ ಹತ್ತಿಯನ್ನು ಥೂ ಎಂದು ಉಗಿದ. “ಏನ್ ಡಾಕ್ಟ್ರೇ! ಇಪ್ಪತ್ತು ವರ್ಷದಿಂದ ನನ್ ಬಾಯಲ್ಲಿ ವಿಷ ಇಟ್ಕೊಂಡಿದೀನಾ? ಇನ್ನೂ ಎರಡಿವೆ, ಈಗ್ಲೇ ಕೀಳಿ!”

“ಕೂತ್ಕೊಳ್ಳಿ. ಬೇರೆ ಲೋಹದ ಪುಡಿ ಜೊತೆ ಬೆರೆಸಿದ್ಮೇಲೆ ಅದು ಗಟ್ಟಿ ಆಗುತ್ತೆ. ಆಮೇಲೂ ಚೂರೇ ಚೂರು ಆವಿ ಬರುತ್ತೆ. ಆದ್ರೆ ಚೆನ್ನಾಗಿರೋದನ್ನ ಕೊರೆದು ಕಿತ್ರೆ ಇನ್ನೂ ಜಾಸ್ತಿ ಬರುತ್ತೆ. ಸುಮ್ನೆ ಬಿಡೋದೇ ಒಳ್ಳೇದು.”

“ಮತ್ತೆ ನನಗೆ?” ಚೂಟಿ ಕೇಳಿದಳು.

“ಮಕ್ಕಳಿಗೆ ನಾನು ಅದನ್ನ ಹಾಕಲ್ಲ. ನಿನಗೆ ಬಿಳೀದು.”

“ಬಿಳೀದರಲ್ಲಿ ಏನಿದೆ?”

“ಒಂಥರಾ ಪ್ಲಾಸ್ಟಿಕ್ಕು, ಗಾಜಿನ ಪುಡಿ.”

“ಅದು ಹೊಟ್ಟೆಗೆ ಹೋದ್ರೆ?”

“ಗಟ್ಟಿ ಆಗೋ ಮೊದಲು ಸ್ವಲ್ಪ ಎಂಜಲಲ್ಲಿ ಸೇರಬಹುದು. ತುಂಬಾ ಕಮ್ಮಿ. ಅದರಿಂದ ತೊಂದರೆ ಆಗಿದ್ದು ನಾನು ನೋಡಿಲ್ಲ.”

“ಐವತ್ತು ವರ್ಷ ಆದ್ಮೇಲೆ?”

ಡಾಕ್ಟರು ತಲೆ ಕೆರೆದುಕೊಂಡರು. “ಅಷ್ಟು ನನಗೆ ಗೊತ್ತಿಲ್ಲ ಮರಿ. ತೂತು ಹಾಗೇ ಬಿಟ್ರೆ ಏನಾಗುತ್ತೆ ಅಂತ ಮಾತ್ರ ಚೆನ್ನಾಗಿ ಗೊತ್ತು. ರಾತ್ರಿಯೆಲ್ಲ ಅಳ್ತೀಯ.”

ಚೂಟಿ ಅವರನ್ನೇ ದಿಟ್ಟಿಸಿದಳು. ಏನೂ ಆಗಲ್ಲ ಎಂದು ಅಪ್ಪ ದಾರಿಯುದ್ದಕ್ಕೂ ಹೇಳಿದ್ದ. ಸತ್ತೇ ಹೋಗ್ತೀಯ ಎಂದು ಸ್ಕೂಲಲ್ಲಿ ಪಕ್ಕ ಕೂರುವ ಗೆಳತಿ ಹೇಳಿದ್ದಳು. ಗೊತ್ತಿಲ್ಲ ಎಂದು ಯಾರೂ ಹೇಳಿರಲಿಲ್ಲ.

“ಕಣ್ಣು ಮುಚ್ಕೊ, ಹೆದರಿಕೆ ಆಗಲ್ಲ,” ಎಂದಳು ನರ್ಸ್.

“ಬೇಡ. ನಾನು ನೋಡ್ಬೇಕು.”

ಡಾಕ್ಟರು ನಕ್ಕು ಒಂದು ಕೈಗನ್ನಡಿ ಕೊಟ್ಟರು. ಚೂಟಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಬಾಯಿ ತೆರೆದಳು.

ತೂತು ಅವಳು ಎಣಿಸಿದ್ದಕ್ಕಿಂತ ದೊಡ್ಡದಿತ್ತು.